ಬಯಲಿಗೆ ಒಂದೇ ಕಾರ್ತೂಸ್

.315 ಮತ್ತು .30-06, ಈ ಎರಡು ರೈಫಲ್ ಕಾರ್ತೂಸ್‌ಗಳನ್ನು ಅಂಗೈ ಮೇಲೆ ಅಕ್ಕಪಕ್ಕ ಇಟ್ಟು, ಮೊದಲು ಬುಡ ನೋಡಬೇಕು. .315ರ ಬುಡದ ಅಂಚು ಕೇಸಿನ, ಅಂದರೆ ಮದ್ದು ತುಂಬುವ ಲೋಹದ ಕೊಳವೆಯ, ಮೈಗಿಂತ ಹೊರಗೆ ಚಾಚಿರುತ್ತದೆ, ತಂಬಿಗೆಯ ಬಾಯಿಯ ಹಾಗೆ. .30-06ರ ಅಂಚು ಹೊರಗೆ ಬರುವುದಿಲ್ಲ. ಬುಡದ ಸ್ವಲ್ಪ ಮೇಲೆ ಸುತ್ತಲೂ ಒಂದು ತೋಡು ಕೊರೆದಿರುತ್ತದೆ, ಬೋಲ್ಟಿನ ಕೊಕ್ಕೆ ಅಲ್ಲಿ ಸಿಕ್ಕಿಸಿಕೊಂಡು ಖಾಲಿ ಕೇಸನ್ನು ಹೊರಗೆಳೆಯುತ್ತದೆ. ಮೊದಲನೆಯದು ನಳಿಗೆಯ ಕೋಣೆಯಲ್ಲಿ ಎಷ್ಟು ಆಳಕ್ಕೆ ಕೂರಬೇಕು ಎಂಬುದನ್ನು ಆ ಅಂಚೇ ತೀರ್ಮಾನಿಸುತ್ತದೆ. ಎರಡನೆಯದನ್ನು ಅದರ ಹೆಗಲು, ಅಂದರೆ ಕೇಸು ಕತ್ತಿನ ಕಡೆಗೆ ಕಿರಿದಾಗುವ ಜಾಗ, ತಡೆದು ನಿಲ್ಲಿಸುತ್ತದೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ‘ಎಲ್ಲದಕ್ಕೂ ಆಗುವ ಒಂದೇ ರೈಫಲ್ ಕಾರ್ತೂಸ್ ಯಾವುದು’ ಎಂದು ಯೋಚಿಸುವವನ ಮುಂದೆ ನಿಜವಾಗಿ ಇರುವ ಆಯ್ಕೆ ಈ ಎರಡೇ. ಜೊತೆಗೆ .22 ಇದೆ, ಅದರ ಮಾತು ಬೇರೆ.

ಪ್ರಪಂಚದ ಬೇರೆ ಕಡೆ ಈ ಚರ್ಚೆ ನೂರು ವರ್ಷದಿಂದ ನಡೆದಿದೆ. ಅಮೆರಿಕದವರು ಬಹುಪಾಲು .30-06 ಎನ್ನುತ್ತಾರೆ. 1906ರಲ್ಲಿ ಅಲ್ಲಿನ ಸೇನೆಗೆಂದು ಬಂದ ಕಾರ್ತೂಸ್ ಅದು. ಹೆಸರಿನ ಕೊನೆಯ 06 ಆ ಇಸವಿಯದೇ. ಆಫ್ರಿಕಾಕ್ಕೆ ಹೋಗುವವರು 1912ರ .375 ಹಾಲೆಂಡ್ ಅಂಡ್ ಹಾಲೆಂಡ್ ಎನ್ನುತ್ತಾರೆ, ಏಕೆಂದರೆ ಆನೆ, ಕಾಡೆಮ್ಮೆಗೆ ಅದಕ್ಕಿಂತ ಸಣ್ಣದನ್ನು ಅಲ್ಲಿನ ಹಲವು ದೇಶಗಳ ಕಾಯಿದೆಯೇ ಒಪ್ಪುವುದಿಲ್ಲ. 7 ಮಿ.ಮೀ. ಮೌಸರ್ ಹಿಡಿದವರೂ ಇದ್ದರು. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಬಂದ .275 ರಿಗ್ಬಿ ರೈಫಲ್ ಅದೇ ಕಾರ್ತೂಸಿನದು. ನಮ್ಮ ಬೆಂಗಳೂರಿನ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ ನೆಚ್ಚಿದ್ದು .405 ವಿಂಚೆಸ್ಟರ್. ಇವರೆಲ್ಲ ತಮ್ಮ ಎದುರಿನ ಪ್ರಾಣಿಗೆ, ತಮಗೆ ಸಿಗುತ್ತಿದ್ದ ಮಾಲಿಗೆ ಸರಿಯಾಗಿ ಉತ್ತರ ಕಂಡುಕೊಂಡವರು. ಅವರ ಉತ್ತರವನ್ನು ಎತ್ತಿ ತಂದು ಜೇವರ್ಗಿಯ ತೊಗರಿ ಹೊಲದಲ್ಲಿ ನಿಲ್ಲಿಸಿದರೆ ಕೂರುವುದಿಲ್ಲ. ಇಲ್ಲಿ ಪ್ರಾಣಿ ಬೇರೆ, ಕಾಯಿದೆ ಬೇರೆ, ಎಲ್ಲಕ್ಕಿಂತ ಮುಖ್ಯವಾಗಿ ಗುಂಡಿನ ಹಿಂದೆ ಇರುವ ನೆಲವೇ ಬೇರೆ.

ಕಾಯಿದೆಯ ವಿಷಯ ಮೊದಲು ಮುಗಿಸೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ 1991ರ ತಿದ್ದುಪಡಿ ಬಂದ ಮೇಲೆ ಶಿಕಾರಿ ಎನ್ನುವುದು ಈ ದೇಶದಲ್ಲಿ ಹವ್ಯಾಸವಾಗಿ ಉಳಿದಿಲ್ಲ. ಬೀದರ್ ಬಯಲಿನ ಚಿಗರಿ, ಅಂದರೆ ಕೃಷ್ಣಮೃಗ, ಒಂದನೇ ಅನುಸೂಚಿಯ ಪ್ರಾಣಿ. ಅದರ ಮೇಲೆ ಗುರಿ ಇಡುವ ಮಾತೇ ಇಲ್ಲ. ಅಡವಿ ಹಂದಿ 2022ರ ತಿದ್ದುಪಡಿಯ ನಂತರ ಎರಡನೇ ಅನುಸೂಚಿಯಲ್ಲಿದೆ. ಬೆಳೆ ಹಾಳು ಮಾಡುವ ಹಂದಿಯನ್ನೂ 11ನೇ ಸೆಕ್ಷನ್ ಪ್ರಕಾರ ಅರಣ್ಯ ಇಲಾಖೆಯ ಅಧಿಕಾರಿ ಲಿಖಿತ ಅನುಮತಿ ಕೊಟ್ಟರೆ ಮಾತ್ರ ಹೊಡೆಯಬಹುದು, ಹೊಡೆದ ಮೇಲೆ ಅದು ಸರಕಾರದ ಸೊತ್ತು. ಮಾಂಸ ಮನೆಗೆ ಒಯ್ಯುವಂತಿಲ್ಲ. ಬೆಳೆ ಕಾಯಲು ಎಂದು ಲೈಸೆನ್ಸ್ ಕೇಳಿದವನಿಗೆ 1959ರ ಶಸ್ತ್ರಾಸ್ತ್ರ ಕಾಯಿದೆ ಮೊದಲು ತೋರಿಸುವುದು ಬಾಯಿಂದ ಮದ್ದು ತುಂಬುವ ಬಂದೂಕನ್ನು; ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನುಣುಪು ನಳಿಗೆ ಬಂದೂಕನ್ನು, ಅಂದರೆ ನಮ್ಮ 12 ಬೋರ್. ರೈಫಲ್ ಬೇಕೆಂದರೆ ಬೇರೆ ಕಾರಣ ತೋರಿಸಬೇಕು. 2019ರ ತಿದ್ದುಪಡಿ ಒಬ್ಬನಿಗೆ ಎರಡೇ ಬಂದೂಕು ಎಂದು ಮಿತಿ ಹಾಕಿದೆ. ಇಲ್ಲಿನ ಮನೆಗಳಲ್ಲಿ ಆ ಎರಡರಲ್ಲಿ ಒಂದು ಜಾಗವನ್ನು ಹಳೆಯ 12 ಬೋರ್ ಆಗಲೇ ಹಿಡಿದಿರುವುದು ಸಾಮಾನ್ಯ. ಹಾಗಾಗಿ ‘ಒಂದೇ ರೈಫಲ್ ಕಾರ್ತೂಸ್’ ಎನ್ನುವುದು ನಮ್ಮಲ್ಲಿ ಬರೀ ಹರಟೆಯ ವಿಷಯ ಅಲ್ಲ. ಉಳಿದಿರುವುದು ಒಂದೇ ಜಾಗ.

ಬೋರ್‌ನ, ಅಂದರೆ ನಳಿಗೆಯ ಒಳಅಳತೆಯ, ವಿಷಯದಲ್ಲೂ ಕಾಯಿದೆಯೇ ಅರ್ಧ ಆಯ್ಕೆ ಮುಗಿಸುತ್ತದೆ. ಸೇನೆ, ಪೊಲೀಸರ .303 ಮತ್ತು 7.62 ನ್ಯಾಟೊ ಪ್ರತಿಬಂಧಿತ ಬೋರ್‌ಗಳು, ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. .315 ಹುಟ್ಟಿಕೊಂಡದ್ದೇ ಇದರಿಂದ: ಸೇನೆಯ ಉಗ್ರಾಣದಿಂದ ಕದ್ದ ಮಾಲು ಊರಿನವರ ಬಂದೂಕಿಗೆ ಹೊಂದಬಾರದು ಎಂದು ಬ್ರಿಟಿಷರು ಯೋಚಿಸಿದರು. ಆಸ್ಟ್ರಿಯಾದ ಹಳೆಯ 8 ಮಿ.ಮೀ. ಮನ್ಲಿಕರ್ ಕಾರ್ತೂಸಿಗೆ ರೈಫಲ್ ಮಾಡಿ ಇಲ್ಲಿ ಮಾರಿದರು. ಸ್ವಾತಂತ್ರ್ಯದ ನಂತರ ಈಶಾಪುರ ಮತ್ತು ತಿರುಚಿರಾಪಳ್ಳಿಯ ಕಾರ್ಖಾನೆಗಳು ಅದನ್ನೇ ಮುಂದುವರಿಸಿದವು. ಹೊರದೇಶದವರಿಗೆ ಹೆಸರೇ ಗೊತ್ತಿಲ್ಲದ ಈ ಕಾರ್ತೂಸ್ ಭಾರತದ ಹಳ್ಳಿಗಳಲ್ಲಿ ಮನೆಮಾತಾಗಿರುವುದು ಹೀಗೆ. ಇನ್ನು ನಿಜಾಮನ ಕಾಲದ ಜಾಗೀರ್ದಾರರ ಮನೆಗಳಿಂದ ಬಂದ ಹಳೆಯ ಇಂಗ್ಲಿಷ್ ರೈಫಲ್‌ಗಳ ಬಗ್ಗೆ ಒಂದೇ ಮಾತು: ಕೆತ್ತನೆ ಎಷ್ಟು ಚೆಂದವಿದ್ದರೂ ಅಂಗಡಿಯಲ್ಲಿ ಮಾಲು ಸಿಗದ ಬೋರ್ ಬೇಡ. ವರ್ಷಕ್ಕೆ ಐದು ಗುಂಡು ಹಾರಿಸುವವನ ಕೈ ಎಂದೂ ಪಳಗುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. .315ರ ಗುಂಡು 244 ಗ್ರೇನ್, ಸುಮಾರು 15.8 ಗ್ರಾಂ. ಮೂತಿ ಮೊಂಡು, ತುದಿಯಲ್ಲಿ ಸೀಸ ಬಯಲಾಗಿರುತ್ತದೆ. ನಳಿಗೆ ಬಿಡುವಾಗ ಸೆಕೆಂಡಿಗೆ 650 ಮೀಟರ್ ಆಚೀಚೆ ವೇಗ. 100 ಮೀಟರ್‌ಗೆ ಸೈಟು ಕಟ್ಟಿದರೆ, ಅಂದರೆ ಆ ದೂರದಲ್ಲಿ ಗುರಿ ಇಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿದರೆ, 200 ಮೀಟರ್‌ನಲ್ಲಿ ಗುಂಡು ಸುಮಾರು 30 ಸೆಂ.ಮೀ. ಕೆಳಗೆ ಬೀಳುತ್ತದೆ, ಒಂದು ಗೇಣಿಗಿಂತ ಹೆಚ್ಚು. .30-06ರ ಚೂಪು ಮೂತಿಯ 180 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದೇ ರೀತಿ ಕಟ್ಟಿದರೆ 200ರಲ್ಲಿ ಬೀಳುವುದು 12-13 ಸೆಂ.ಮೀ. 100ರಲ್ಲಿ 5 ಸೆಂ.ಮೀ. ಮೇಲೆ ಬೀಳುವಂತೆ ಕಟ್ಟಿಕೊಂಡರಂತೂ 200 ಮೀಟರ್‌ವರೆಗೆ ಲೆಕ್ಕವೇ ಬೇಡ, ನೇರ ಗುರಿ ಇಟ್ಟು ಹೊಡೆಯಬಹುದು. ಶಕ್ತಿಯಲ್ಲಿ ಇವೆರಡರ ನಡುವೆ ನಳಿಗೆಯ ಬಾಯಲ್ಲಿ ಅಂಥ ಅಂತರವಿಲ್ಲ. ಅಂತರ ಕಾಣುವುದು ದೂರ ಹೋದ ಹಾಗೆ: ಮೊಂಡು ಮೂತಿ ಗಾಳಿಯನ್ನು ತಳ್ಳಿಕೊಂಡು ಹೋಗಬೇಕು, ಚೂಪು ಮೂತಿ ಸೀಳಿಕೊಂಡು ಹೋಗುತ್ತದೆ.

ಇದರ ಅರ್ಥ .315 ಕೆಟ್ಟದ್ದು ಎಂದಲ್ಲ. ತೊಗರಿ ಸಾಲಿನ ನಡುವೆ, ಕಬ್ಬಿನ ಬದುವಿನಲ್ಲಿ ಹಂದಿ ಕಾಣುವುದು 30ರಿಂದ 60 ಮೀಟರ್‌ನೊಳಗೆ. ಆ ದೂರದಲ್ಲಿ ನಿಧಾನವಾಗಿ ಹೋಗುವ ಭಾರದ ಗುಂಡು ಬಹಳ ನಂಬಿಕಸ್ತ. ಬಲಿತ ಗಂಡು ಹಂದಿಯ ಭುಜದ ಮೇಲೆ ಗಟ್ಟಿ ತೊಗಲಿನ ಪದರ ಇರುತ್ತದೆ. ಹಗುರ, ವೇಗದ ಗುಂಡು ಅಲ್ಲೇ ಚೂರಾಗಿ ಮೇಲುಗಾಯ ಮಾಡಿ ಬಿಡಬಹುದು, 244 ಗ್ರೇನ್ ದಾಟಿ ಒಳಗೆ ಹೋಗುತ್ತದೆ. ಹೃದಯ ಇರುವುದು ಜನ ಅಂದುಕೊಂಡಷ್ಟು ಮೇಲಲ್ಲ: ಮುಂಗಾಲಿನ ಹಿಂದೆ, ಮೈಯ ಎತ್ತರದ ಕೆಳಗಿನ ಮೂರನೇ ಒಂದು ಪಾಲಿನಲ್ಲಿ. ನಡುಮೈಗೆ ಗುರಿ ಇಟ್ಟವನ ಗುಂಡು ಹೊಟ್ಟೆಗೆ ಹೋಗುತ್ತದೆ, ಪ್ರಾಣಿ ರಾತ್ರಿಯಿಡೀ ನರಳುತ್ತದೆ. ಅಂಥ ಪೆಟ್ಟು ಯಾವ ಕಾರ್ತೂಸಿನಿಂದ ಬಂದರೂ ಪಾಪವೇ.

.22 ಲಾಂಗ್ ರೈಫಲ್ ಇಲ್ಲಿ ಉತ್ತರವಾಗದೆ ಇರುವುದು ಇದರಿಂದಲೇ. 40 ಗ್ರೇನಿನ ಆ ಗುಂಡಿನಲ್ಲಿ ಸುಮಾರು 140 ಜೂಲ್ ಶಕ್ತಿ, .30-06ರಲ್ಲಿ 3,900 ಜೂಲ್. ಹಂದಿಯ ಮೇಲೆ .22 ಹಾರಿಸುವುದು ಹಿಂಸೆ ಅಷ್ಟೆ. ಆದರೆ ಕೈ ಪಳಗಿಸಲು ಅದರಷ್ಟು ಒಳ್ಳೆಯ ಗುರು ಇಲ್ಲ. 50 ಮೀಟರ್ ಸ್ಪರ್ಧೆಯ ಗುರಿಫಲಕದಲ್ಲಿ ಹತ್ತರ ವೃತ್ತ 10.4 ಮಿ.ಮೀ. ಮಾತ್ರ, ಉಸಿರು, ಬೆರಳು, ಕೆನ್ನೆಯ ಒತ್ತು ಎಲ್ಲದರ ತಪ್ಪೂ ಅಲ್ಲಿ ಕಾಣುತ್ತದೆ. ಕ್ಲಬ್ಬಿನ .22 ರೈಫಲ್‌ನಲ್ಲಿ ನೂರು ಗುಂಡು ಹಾರಿಸಿದವನ .30-06 ತಾನೇ ಸುಧಾರಿಸುತ್ತದೆ.

ಈಗ ನೆಲದ ಮಾತು. ನನ್ನ ಮಟ್ಟಿಗೆ ಈ ಬರಹದ ಜೀವ ಇರುವುದು ಇಲ್ಲೇ. .30-06ರ ಗುಂಡನ್ನು ಮೇಲ್ಮುಖವಾಗಿ ಬಿಟ್ಟರೆ ನಾಲ್ಕೈದು ಕಿಲೋಮೀಟರ್ ಹೋಗಬಲ್ಲದು. ಸಣ್ಣದೆಂದು ಅಸಡ್ಡೆ ಮಾಡುವ .22 ಕೂಡ ಒಂದೂವರೆ ಕಿಲೋಮೀಟರ್‌ಗೂ ಮೀರಿ ಹೋಗಬಲ್ಲದು. ಕಲಬುರಗಿಯ ಕರಿಮಣ್ಣಿನ ಬಯಲಿನಲ್ಲಿ ನಿಂತು ಸುತ್ತ ನೋಡಿ: ಯಾವ ದಿಕ್ಕಿಗೆ ತಿರುಗಿದರೂ ಅಷ್ಟು ದೂರದೊಳಗೆ ಒಂದು ಊರು, ಒಂದು ತಾಂಡಾ, ಇಲ್ಲವೇ ಕುರಿ ಮಂದೆ ಇದ್ದೇ ಇದೆ. ಮಲೆನಾಡಿನವನ ಗುಂಡಿಗೆ ಹಿಂದೆ ಗುಡ್ಡ ಇರುತ್ತದೆ. ನಮ್ಮಲ್ಲಿ ಹಿಂದೆ ಇರುವುದು ಬರೀ ಆಕಾಶ.

ಜಿಲ್ಲೆಯಿಂದ ಜಿಲ್ಲೆಗೆ ಅಪಾಯದ ಸ್ವರೂಪವೂ ಬದಲಾಗುತ್ತದೆ. ಶಹಾಬಾದ್, ಸೇಡಂ ಕಡೆ ಮಣ್ಣಿನ ಕೆಳಗೇ ಹಾಸುಗಲ್ಲು. ಮೇಲೆ ಒಂದು ಗೇಣು ಎರೆ ಇದ್ದು ಕೆಳಗೆ ಪರಸಿ ಕಲ್ಲು ಸಿಕ್ಕರೆ, ಓರೆಯಾಗಿ ಬಿದ್ದ ಗುಂಡು ಅದಕ್ಕೆ ತಾಗಿ ಎಗರಿ ಮತ್ತೆ ಮೇಲೇಳುತ್ತದೆ. ಯಾದಗಿರಿ, ಶಹಾಪುರ, ಸುರಪುರದ ಬೆಣಚು ಬಂಡೆಗಳು ನೋಡಲು ಒಳ್ಳೆಯ ಅಡ್ಡಗೋಡೆಯಂತೆ ಕಾಣುತ್ತವೆ, ನಿಜದಲ್ಲಿ ಎಲ್ಲಕ್ಕಿಂತ ಕೆಟ್ಟವು. ದುಂಡು ಬಂಡೆಗೆ ಬಡಿದ ಗುಂಡು ಯಾವ ದಿಕ್ಕಿಗೆ ತಿರುಗುತ್ತದೆ ಎಂದು ಹೇಳಲು ಬರುವುದಿಲ್ಲ. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲು ಸ್ವಲ್ಪ ಮೆದು, ಚೂರು ಹಾರುತ್ತದೆ. ಕೃಷ್ಣಾ ಕಾಲುವೆಯ ಕೆಳಗಿನ ಭತ್ತದ ಗದ್ದೆಯಲ್ಲಿ ನಿಂತ ನೀರೂ ಕಲ್ಲಿನಷ್ಟೇ ಅಪಾಯ: ಮಕ್ಕಳು ಕೆರೆಯಲ್ಲಿ ಬಿಲ್ಲೆ ಎಸೆದಾಗ ಕಪ್ಪೆ ಹಾರಿದಂತೆ ಹಾರುತ್ತದಲ್ಲ, ಗುಂಡೂ ಹಾಗೆಯೇ. ನಂಬಬಹುದಾದದ್ದು ಕಲ್ಲಿಲ್ಲದ ದಪ್ಪ ಮಣ್ಣಿನ ದಿಬ್ಬ ಒಂದೇ.

ಇದಕ್ಕೆ ನಮ್ಮ ಹಿರಿಯರ ಬಳಿ ಒಂದು ಪರಿಹಾರ ಆಗಲೇ ಇತ್ತು: ಜೋಳ ಕಾಯುವ ಮಂಚಿಕೆ. ಕವಣೆ ಬೀಸಲು ಕಟ್ಟುವ ಆ ಅಟ್ಟಣೆಯ ಮೇಲೆ ನಿಂತರೆ ಗುಂಡು ಕೆಳಮುಖವಾಗಿ ಹೋಗುತ್ತದೆ. ಆದರೆ ಎತ್ತರದ ಲೆಕ್ಕ ಹಾಕಿ ನೋಡಬೇಕು. 4 ಮೀಟರ್ ಎತ್ತರದಿಂದ 30 ಮೀಟರ್ ದೂರಕ್ಕೆ ಹೊಡೆದರೆ ಗುಂಡು ನೆಲಕ್ಕೆ ತಾಗುವುದು ಸುಮಾರು 7-8 ಡಿಗ್ರಿ ಓರೆಯಲ್ಲಿ. 60 ಮೀಟರ್‌ಗೆ ಅದು 4 ಡಿಗ್ರಿಗಿಂತಲೂ ಕೆಳಗೆ ಇಳಿಯುತ್ತದೆ. ಅಷ್ಟು ಕಡಿಮೆ ಓರೆಯಲ್ಲಿ ಒಣಗಿ ಗಟ್ಟಿಯಾದ ನೆಲವೂ ಗುಂಡನ್ನು ಎಗರಿಸಬಲ್ಲದು. ಹಾಗಾಗಿ ಮಂಚಿಕೆ ಹತ್ತಿದವನೂ ಹತ್ತಿರದ ಗುರಿಯನ್ನಷ್ಟೇ ಒಪ್ಪಬೇಕು, ಮತ್ತು ಸೀಸದ ಮೂತಿಯ ಗುಂಡನ್ನೇ ಬಳಸಬೇಕು. ಪೂರ್ತಿ ತಾಮ್ರದ ಕವಚವಿರುವ ಗುಂಡು ಹಂದಿಯನ್ನು ಸೂಜಿ ಹೊಕ್ಕ ಹಾಗೆ ದಾಟಿ ಆಚೆ ಹೋಗುತ್ತದೆ. ಸೀಸದ ಮೂತಿಯದು ಒಳಗೆ ಅಣಬೆಯಂತೆ ಅರಳಿ ಶಕ್ತಿಯ ಬಹುಪಾಲನ್ನು ಅಲ್ಲೇ ಕಳೆಯುತ್ತದೆ. ಬಯಲಿನಲ್ಲಿ ಈ ಒಂದು ಭೇದ ಬೋರ್‌ಗಿಂತ ದೊಡ್ಡದು.

ಸೈಟು ಕಟ್ಟುವ ಕೆಲಸವನ್ನು ಅವಸರದಲ್ಲಿ ಮಾಡಿ ಕೆಡಿಸಿಕೊಳ್ಳುವವರೇ ಹೆಚ್ಚು. ಲೈಸೆನ್ಸ್ ಇರುವ ರೇಂಜಿನಲ್ಲಿ, ಮುಂದೆ ಹಿಂದೆ ಮರಳಿನ ಚೀಲ ಇಟ್ಟು, ಮೊದಲು 25 ಮೀಟರ್‌ನಲ್ಲಿ ಶುರು ಮಾಡಬೇಕು. ಬೋಲ್ಟ್ ತೆಗೆದು ನಳಿಗೆಯೊಳಗಿಂದಲೇ ಗುರಿಫಲಕದ ನಡುವನ್ನು ನೋಡಿ, ರೈಫಲ್ ಅಲುಗದಂತೆ ಸ್ಕೋಪಿನ ಗೆರೆಯನ್ನು ಅದೇ ಬಿಂದುವಿಗೆ ತರುವುದು ಮೊದಲ ಹೆಜ್ಜೆ. ಮರಳಿನ ಚೀಲ ಮುಂಗೈ ಹಿಡಿಯುವ ಕಟ್ಟಿಗೆಯ ಕೆಳಗೆ ಇರಬೇಕು, ನಳಿಗೆಗೆ ತಾಗಬಾರದು. ತಾಗಿದರೆ ಗುಂಡು ಮೇಲೆ ಹೋಗುತ್ತದೆ, ಸ್ಕೋಪಿನದೇ ತಪ್ಪೆಂದು ತಿರುಗಿಸುತ್ತ ಕೂರುತ್ತಾರೆ. ಮೂರು ಗುಂಡು ಹೊಡೆದು ಮೂರರ ನಡುಬಿಂದು ನೋಡಿ ಸರಿಮಾಡಬೇಕು, ಒಂದೊಂದು ಗುಂಡಿಗೂ ತಿರುಗಿಸಬಾರದು. ಸಾಮಾನ್ಯ ಸ್ಕೋಪಿನ ಒಂದು ಕ್ಲಿಕ್ಕಿಗೆ 100 ಮೀಟರ್‌ನಲ್ಲಿ ಗುರಿ ಸುಮಾರು 7 ಮಿ.ಮೀ. ಸರಿಯುತ್ತದೆ. 8 ಸೆಂ.ಮೀ. ಕೆಳಗೆ ಬೀಳುತ್ತಿದ್ದರೆ 11 ಕ್ಲಿಕ್ ಮೇಲೆ. 25 ಮೀಟರ್‌ನಲ್ಲಾದರೆ ಅಷ್ಟೇ ಸರಿಯಲು ನಾಲ್ಕು ಪಟ್ಟು ಕ್ಲಿಕ್ ಬೇಕು. ಮೂರು ಗುಂಡಾದ ಮೇಲೆ ನಳಿಗೆಯನ್ನು ಕೈಯಲ್ಲಿ ಮುಟ್ಟಿ ನೋಡಿ, ತಣ್ಣಗಾಗುವವರೆಗೆ ಕಾಯಬೇಕು.

.315ಕ್ಕೆ ಸ್ಕೋಪ್ ಹಾಕುವವರು ಕಡಿಮೆ, ಲೋಹದ ಸೈಟೇ ಗತಿ. ಮುಂದಿನ ಮತ್ತು ಹಿಂದಿನ ಸೈಟುಗಳ ನಡುವೆ ಅರ್ಧ ಮೀಟರ್ ಅಂತರ ಇದ್ದರೆ, ಮುಂದಿನ ಕಡ್ಡಿಯ ಎತ್ತರದಲ್ಲಿ 1 ಮಿ.ಮೀ. ವ್ಯತ್ಯಾಸ 100 ಮೀಟರ್‌ನಲ್ಲಿ 20 ಸೆಂ.ಮೀ. ಆಗುತ್ತದೆ. ಮುಂದಿನ ಕಡ್ಡಿಯನ್ನು ಅರದಿಂದ ಉಜ್ಜಿ ಗಿಡ್ಡ ಮಾಡಿದರೆ ಗುಂಡು ಮೇಲೇರುತ್ತದೆ. ಆದ್ದರಿಂದ ಗುಂಡು ಕೆಳಗೆ ಬೀಳುವ ರೈಫಲ್‌ಗೆ ಮಾತ್ರ ಅರ. ನಾಲ್ಕು ಸಲ ಉಜ್ಜಿ, ಮೂರು ಗುಂಡು ಹೊಡೆದು ನೋಡಿ, ಮತ್ತೆ ಉಜ್ಜಬೇಕು. ಹೆಚ್ಚು ತಿಂದ ಕಬ್ಬಿಣ ಮರಳಿ ಬರುವುದಿಲ್ಲ.

ಗುಂಡು ಚೆಲ್ಲಾಪಿಲ್ಲಿ ಬೀಳುತ್ತಿದ್ದರೆ ಕಾರ್ತೂಸನ್ನು ಬೈಯುವ ಮೊದಲು ನಿಮ್ಮ ಹೆಗಲನ್ನು ಅನುಮಾನಿಸಿ. ಈ ಎರಡೂ ರೈಫಲ್‌ಗಳ ಒದೆತ ಜೋರು, ಸದ್ದು ಅದಕ್ಕಿಂತ ಜೋರು. ಕಿವಿಗೆ ಮುಚ್ಚಿಗೆ ಇಲ್ಲದೆ ಹೊಡೆಯುವವನು ಎರಡನೇ ಗುಂಡಿನಿಂದಲೇ ಕಣ್ಣು ಮುಚ್ಚಲು ಶುರು ಮಾಡುತ್ತಾನೆ. ಪತ್ತೆ ಹಚ್ಚುವ ಉಪಾಯ ಸುಲಭ. ಜೊತೆಗಿರುವವನು ನಿಮಗೆ ಕಾಣದಂತೆ ಒಮ್ಮೆ ನಿಜ ಕಾರ್ತೂಸ್, ಒಮ್ಮೆ ಮದ್ದಿಲ್ಲದ ಡಮ್ಮಿ ತುಂಬಿ ಕೊಡಲಿ. ಡಮ್ಮಿಯ ಮೇಲೆ ಟ್ರಿಗರ್ ಎಳೆದಾಗ ನಳಿಗೆಯ ತುದಿ ಕೆಳಗೆ ಕುಕ್ಕಿದರೆ ರೋಗ ಗೊತ್ತಾಯಿತು. ಹತ್ತರಲ್ಲಿ ಆರು ಡಮ್ಮಿ ಹಾಕಿ ಒಂದು ದಿನ ಕೂತರೆ ಬಹುಪಾಲು ವಾಸಿಯಾಗುತ್ತದೆ.

ನಮ್ಮ ಬಿಸಿಲಿಗೂ ಮದ್ದಿಗೂ ಆಗಿಬರುವುದಿಲ್ಲ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42-43 ಡಿಗ್ರಿ ಮಾಮೂಲು. ನಿಂತ ಕಾರಿನೊಳಗೆ, ತಗಡಿನ ಶೆಡ್ಡಿನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಕಾದ ಮದ್ದು ಬೇಗ ಉರಿಯುತ್ತದೆ, ಒತ್ತಡ ಏರುತ್ತದೆ, ಗುಂಡು ಚಳಿಗಾಲದಲ್ಲಿ ಬಿದ್ದ ಜಾಗದಲ್ಲಿ ಬೀಳುವುದಿಲ್ಲ. ಬೋಲ್ಟ್ ಎತ್ತುವಾಗ ಬಿಗಿಯಾದರೆ, ಬುಡದ ನಡುವೆ ಕಿಡಿ ಹೊತ್ತಿಸುವ ಪ್ರೈಮರ್ ಚಪ್ಪಟೆಯಾಗಿ ಅಂಚಿಗೆ ಹರಡಿದ್ದರೆ ಅಂದು ನಿಲ್ಲಿಸಬೇಕು. ಕಾರ್ತೂಸ್ ಡಬ್ಬಿಯನ್ನು ಒದ್ದೆ ಬಟ್ಟೆ ಸುತ್ತಿ ತಂಪು ಮಾಡುವ ಬುದ್ಧಿವಂತಿಕೆ ಬೇಡ, ನೆರಳು ಸಾಕು. ಮಳೆಗಾಲದ ತೊಂದರೆ ಬೇರೆ: ಕಟ್ಟಿಗೆಯ ಸ್ಟಾಕ್ ತೇವ ಕುಡಿದು ಉಬ್ಬಿ ನಳಿಗೆಯನ್ನು ಒಂದು ಬದಿಗೆ ಒತ್ತುತ್ತದೆ. ನಳಿಗೆ ಮತ್ತು ಕಟ್ಟಿಗೆಯ ನಡುವೆ ಒಂದು ನೋಟು ಜಾರಿಸಿ ನೋಡಿ. ಜೂನ್‌ನಲ್ಲಿ ಸಲೀಸಾಗಿ ಜಾರಿದ್ದು ಆಗಸ್ಟ್‌ನಲ್ಲಿ ಸಿಕ್ಕಿಕೊಂಡರೆ ಗುರಿ ತಪ್ಪಿದ್ದಕ್ಕೆ ಕಾರಣ ಸಿಕ್ಕಿತು. ಎರೆ ಮಣ್ಣಿನ ಧೂಳು ಎಣ್ಣೆಗೆ ಅಂಟಿದರೆ ಸಾಣೆ ಹಿಡಿಯುವ ಹಿಟ್ಟಾಗುತ್ತದೆ, ಹಾಗಾಗಿ ಬೋಲ್ಟಿಗೆ ಎಣ್ಣೆ ಸವರಿ ಒರೆಸಬೇಕೇ ಹೊರತು ಸುರಿಯಬಾರದು. ಚುನಾವಣೆ ಬಂದಾಗ ಬಂದೂಕು ಠಾಣೆಯಲ್ಲೋ ಅಂಗಡಿಯಲ್ಲೋ ಜಮೆ ಮಾಡಬೇಕಾಗಬಹುದು; ಕೊಡುವ ಮುನ್ನ ನಳಿಗೆಯೊಳಗೆ ತೆಳ್ಳಗೆ ಎಣ್ಣೆ ಹಚ್ಚಿ, ವಾಪಸ್ ಬಂದ ಮೇಲೆ ಒಣ ಬಟ್ಟೆ ಹಾಯಿಸಿ ಪೂರ್ತಿ ತೆಗೆದೇ ಹೊಡೆಯಬೇಕು.

ಟ್ರಿಗರ್ ಎಳೆದರೂ ಹಾರದ ಕಾರ್ತೂಸ್ ಬಗ್ಗೆ ಒಂದು ಮಾತು. ಹಳೆಯ ಮಾಲಿನಲ್ಲಿ ಇದು ಆಗುತ್ತದೆ. ಕೂಡಲೇ ಬೋಲ್ಟ್ ತೆರೆಯಬಾರದು; ಪ್ರೈಮರ್ ತಡವಾಗಿ ಹೊತ್ತಿಕೊಂಡರೆ ಕೇಸು ಮುಖದ ಮುಂದೆ ಒಡೆಯುತ್ತದೆ. ನಳಿಗೆಯನ್ನು ದಿಬ್ಬದ ಕಡೆಗೇ ಹಿಡಿದು ಪೂರ್ತಿ ಎರಡು ನಿಮಿಷ ಕಾಯಬೇಕು. ಸದ್ದು ಪುಸ್ಸೆಂದು ಕಡಿಮೆ ಬಂದರೆ ಇನ್ನೂ ದೊಡ್ಡ ಅಪಾಯ: ಗುಂಡು ನಳಿಗೆಯ ನಡುವೆ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಸೀಳುತ್ತದೆ.

ಹಾಗಾದರೆ ಯಾವುದು? ಒಂದನ್ನೇ ಆರಿಸಬೇಕೆಂದರೆ ನನ್ನ ಮತ .30-06ಕ್ಕೆ. .315 ಹತ್ತಿರದ ಹಂದಿಯ ಕೆಲಸ ಚೆನ್ನಾಗಿ ಮಾಡುತ್ತದೆ, ಆದರೆ ಅದರಾಚೆ ಬೆಳೆಯುವುದಿಲ್ಲ. ಒಂದೇ ತೂಕದ ಗುಂಡು, ಒಂದೇ ಬಗೆಯ ಮೂತಿ. .30-06ರಲ್ಲಿ ಲೋಕದಲ್ಲಿ 110ರಿಂದ 220 ಗ್ರೇನ್‌ವರೆಗೆ ಗುಂಡು ಮಾಡುತ್ತಾರೆ, ಭಾರದ ಸೀಸದ ಮೂತಿ ತುಂಬಿದರೆ ಬದುವಿನ ಹಂದಿಗೆ .315ರಷ್ಟೇ ನಂಬಿಕೆ, ಚೂಪು ಮೂತಿ ತುಂಬಿದರೆ 300 ಮೀಟರ್ ಗುರಿಫಲಕದ 10 ಸೆಂ.ಮೀ. ಹತ್ತರ ವೃತ್ತಕ್ಕೂ ಕೈ ಹಾಕಬಹುದು. ಆಷಾಢದ ಗಾಳಿಯಲ್ಲಿ ಇದರ ಬೆಲೆ ತಿಳಿಯುತ್ತದೆ: ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿಗೆ 180 ಗ್ರೇನಿನ ಚೂಪು ಗುಂಡು 200 ಮೀಟರ್‌ನಲ್ಲಿ ಸರಿಯುವುದು ಸುಮಾರು 9 ಸೆಂ.ಮೀ., ಮೊಂಡು ಮೂತಿಯದು ಅದಕ್ಕಿಂತ ಬಹಳ ಹೆಚ್ಚು. ಒಂದು ಷರತ್ತು ಮಾತ್ರ ಇದೆ. ರೈಫಲ್ ಬುಕ್ ಮಾಡುವ ಮೊದಲೇ, ನಿಮಗೆ ಹತ್ತಿರದ ಲೈಸೆನ್ಸ್ ಅಂಗಡಿಯವರು ವರ್ಷಕ್ಕೆ ನೂರು .30-06 ಕಾರ್ತೂಸ್ ಖಂಡಿತ ತರಿಸಿಕೊಡಬಲ್ಲರೇ ಎಂದು ಕೇಳಿ. ಇಲ್ಲ ಎಂದರೆ ಯೋಚನೆಯೇ ಬೇಡ, .315 ತೆಗೆದುಕೊಳ್ಳಿ. ಕಪಾಟಿನಲ್ಲಿ ಬೀಗ ಹಾಕಿಟ್ಟ ಒಳ್ಳೆಯ ಕಾರ್ತೂಸಿಗಿಂತ, ಕೈಗೆ ಒಗ್ಗಿದ ಸಾಧಾರಣ ಕಾರ್ತೂಸ್ ಮೇಲು.

ತುಂಬುವ ಮುನ್ನ ಪ್ರತಿ ಸಲ ಬುಡದ ಅಕ್ಷರ ಓದುವ ರೂಢಿ ಇರಲಿ. ಖಡ್ಕಿ ಕಾರ್ಖಾನೆಯ ಮಾಲಿಗೆ ಕೆಎಫ್ ಎಂದು ಒತ್ತಿರುತ್ತದೆ, ಬೋರ್‌ನ ಗುರುತು ಪಕ್ಕದಲ್ಲಿ. .308ರ ಗುಂಡಿನ ದಪ್ಪ .30-06ರದ್ದೇ, ಕೇಸು ಮಾತ್ರ 12 ಮಿ.ಮೀ. ಗಿಡ್ಡ; ತಪ್ಪಿ .30-06ರ ಕೋಣೆಗೆ ಹೋದರೆ ಹೆಗಲಿಗೆ ಆಸರೆ ಇಲ್ಲದೆ ಕೇಸು ಸೀಳಬಹುದು. ಹಾಗೆಯೇ .315 ಮತ್ತು 8 ಮಿ.ಮೀ. ಮೌಸರ್ ಎರಡೂ ‘ಎಂಟು ಎಂಎಂ’ ಎಂದೇ ಕರೆಸಿಕೊಂಡರೂ ಒಂದಕ್ಕೊಂದು ಸಂಬಂಧವಿಲ್ಲ.

ಕೊಳ್ಳುವಾಗ ಲೈಸೆನ್ಸಿನಲ್ಲಿ ಬರೆದಷ್ಟನ್ನು ಆದಷ್ಟು ಒಂದೇ ಲಾಟಿನದು, ಅಂದರೆ ಕಾರ್ಖಾನೆಯಲ್ಲಿ ಒಂದೇ ಸಲ ತಯಾರಾದದ್ದು, ಕೇಳಿ ಪಡೆಯಿರಿ, ಡಬ್ಬಿಯ ಮೇಲಿನ ಲಾಟ್ ಸಂಖ್ಯೆ ನೋಡಿ. ಒಂದು ಸಣ್ಣ ಚೀಟಿಯಲ್ಲಿ ಆ ಸಂಖ್ಯೆ, ಸೈಟು ಕಟ್ಟಿದ ತಾರೀಖು, ಅಂದಿನ ಬಿಸಿಲು, 50, 100, 150, 200 ಮೀಟರ್‌ಗಳಲ್ಲಿ ಗುಂಡು ಎಷ್ಟು ಮೇಲೆ ಎಷ್ಟು ಕೆಳಗೆ ಎಂದು ಪೆನ್ಸಿಲ್‌ನಲ್ಲಿ ಬರೆದು, ಮೇಲೆ ಪಾರದರ್ಶಕ ಟೇಪ್ ಹಚ್ಚಿ ಸ್ಟಾಕಿನ ಬದಿಗೆ ಅಂಟಿಸಬೇಕು. ಲಾಟ್ ಬದಲಾದ ದಿನ ಆ ಚೀಟಿ ಕಿತ್ತು, 100 ಮೀಟರ್‌ನಲ್ಲಿ ಮತ್ತೆ ಮೂರು ಗುಂಡು ಹೊಡೆದು, ಹೊಸದಾಗಿ ಬರೆಯಬೇಕು.